ಹಿಂದೆ ನಿಲ್ಲುವವಳು

ಬರಿ ಬರಿ ಎಂದು ಬಳಗದ ಗೆಳೆಯರು ಬೆನ್ನು ಹತ್ತಿದ್ದಕ್ಕೆ ಬರೆಯುತ್ತಿದ್ದೇನೆ. ಕಥೆ, ಕವಿತೆ ನನಗೆ ಒಲಿದದ್ದಲ್ಲ. ಗೊತ್ತಿರುವುದು ಹಾಕಿ, ಅದರಲ್ಲೂ ಬ್ಯಾಕ್ ಆಗಿ ಹಿಂದೆ ನಿಲ್ಲುವುದು.

ಸೋಮವಾರಪೇಟೆಯಲ್ಲಿ ನಾನು ಆಡಿ ಬಂದ ದಿನವೆಲ್ಲ ಅಪ್ಪನದು ಒಂದೇ ಪ್ರಶ್ನೆ: “ಎಷ್ಟು ಗೋಲು ಹೊಡ್ದೆ ಮಗಾ?” ಬ್ಯಾಕ್ ಗೋಲು ಹೊಡೆಯುವುದು ಅಪರೂಪ. “ಇಲ್ಲಪ್ಪ” ಅಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಎಷ್ಟು ಗೋಲು ತಪ್ಪಿಸಿದೆ ಅಂತ ಹೇಗೆ ಲೆಕ್ಕ ಕೊಡೋದು? ಆಗದೇ ಹೋದದ್ದನ್ನು ಯಾರೂ ಬೋರ್ಡಿನ ಮೇಲೆ ಬರೆಯುವುದಿಲ್ಲ.

ಕಾಲೇಜಿನ ಕೊನೆಯ ವರ್ಷ ಫೈನಲ್ ತಲುಪಿದೆವು. ಎರಡೂ ಕಡೆ ಒಂದೊಂದು ಗೋಲು. ಕೊನೆಯ ನಿಮಿಷದಲ್ಲಿ ಚೆಂಡು ನನ್ನ ಸ್ಟಿಕ್ಕಿಗೂ ಕಾಲಿಗೂ ನಡುವೆ ನುಸುಳಿ ಹೋಯಿತು. ಮನೆಯಲ್ಲಿ “ಸೋತ್ವಿ” ಎಂದಷ್ಟೇ ಹೇಳಿದೆ. ಸ್ಟಿಕ್ಕು ಅಟ್ಟ ಸೇರಿತು. ನಾನು ಸಿ.ಎ. ಓದುತ್ತೇನೆಂದು ದಿಲ್ಲಿಗೆ, ಲಕ್ಷ್ಮೀ ನಗರಕ್ಕೆ ಬಂದೆ.

ಲಕ್ಷ್ಮೀ ನಗರ ಯಮುನೆಯ ಪೂರ್ವಕ್ಕೆ. ವಿಕಾಸ್ ಮಾರ್ಗದ ಮೇಲೆ ಮೆಟ್ರೋ. ಕೆಳಗೆ ಕಣ್ಣು ಹಾಯಿಸಿದಲ್ಲೆಲ್ಲ ಕೋಚಿಂಗ್ ಬೋರ್ಡು, ಅದರ ತುಂಬ ರ‍್ಯಾಂಕ್ ಬಂದವರ ಫೋಟೋ. ಇಲ್ಲೂ ಗೋಲು ಹೊಡೆದವರದೇ ಮುಖ ಎಂದುಕೊಳ್ಳುತ್ತಿದ್ದೆ.

2021ರ ಆಗಸ್ಟ್ 2, ಸೋಮವಾರ ಬೆಳಿಗ್ಗೆ. ಕೊರೊನಾದಿಂದಾಗಿ ಕ್ಲಾಸು ಫೋನಿನಲ್ಲೇ ನಡೆಯುತ್ತಿತ್ತು. ಅದೇ ಫೋನಿನಲ್ಲಿ ಟೋಕಿಯೋ ಒಲಿಂಪಿಕ್ಸಿನ ಕ್ವಾರ್ಟರ್ ಫೈನಲ್ ಹಾಕಿದೆ. ಗುಂಪಿನಲ್ಲಿ ಒಂದೂ ಪಂದ್ಯ ಸೋಲದ ಆಸ್ಟ್ರೇಲಿಯಾ. ಮೊದಲ ಮೂರನ್ನೂ ಸೋತಿದ್ದ ನಾವು. 22ನೇ ನಿಮಿಷದಲ್ಲಿ ಗುರ್ಜಿತ್ ಕೌರ್ ಪೆನಾಲ್ಟಿ ಕಾರ್ನರಿನಲ್ಲಿ ಗೋಲು ಹೊಡೆದಳು. ಆಕೆಯೂ ಡಿಫೆಂಡರ್! ಆದರೆ ನನ್ನ ಕಣ್ಣು ದೀಪ್ ಗ್ರೇಸ್ ಎಕ್ಕಾಳ ಮೇಲೆ.

ಆಕೆ ಒಡಿಶಾದ ಸುಂದರ್‌ಗಢ ಜಿಲ್ಲೆಯವಳು. ಅಣ್ಣ ದಿನೇಶ್ ಗೋಲ್‌ಕೀಪರ್. ತಾನೂ ಅದೇ ಆಗಬೇಕೆಂದಿದ್ದವಳು ಆದದ್ದು ಡಿಫೆಂಡರ್. 2013ರಲ್ಲಿ ಜೂನಿಯರ್ ವಿಶ್ವಕಪ್ಪಿನ ಕಂಚು. 2016ರಲ್ಲಿ ರಿಯೋ: 36 ವರ್ಷಗಳ ಮೇಲೆ ನಮ್ಮ ಹೆಂಗಸರ ತಂಡ ಒಲಿಂಪಿಕ್ಸಿಗೆ ಹೋಗಿ, 12 ತಂಡಗಳಲ್ಲಿ ಕೊನೆಯದಾಗಿ ಬಂತು. 2018ರ ಏಷ್ಯನ್ ಗೇಮ್ಸಿನಲ್ಲಿ ಬೆಳ್ಳಿ. ಟೋಕಿಯೋಗೆ ತಂಡ ತಯಾರಾದದ್ದು ನಮ್ಮ ಬೆಂಗಳೂರಿನ ಸಾಯ್ ಶಿಬಿರದಲ್ಲಿ. 2020ರ ಲಾಕ್‌ಡೌನಿನಲ್ಲಿ ಅಲ್ಲೇ ತಿಂಗಳುಗಟ್ಟಲೆ ಉಳಿದರು.

ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿದರೆ ಗೋಲ್‌ಕೀಪರ್ ಸೇರಿ ಐವರೇ ಗೋಲು ಕಾಯಬೇಕು. ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಹಾರಿ ಬರುವ ಚೆಂಡಿಗೆ ಎದುರಾಗಿ ಓಡಬೇಕು. ಮತ್ತೆ ಮತ್ತೆ ಓಡಿದರು. ಗೋಲಿನಲ್ಲಿ ಸವಿತಾ. ಕೊನೆಗೂ 1-0.

ಫೋನ್ ಬಂತು. ಅಪ್ಪ. “ನೋಡಿದ್ಯಾ? ಆ ಹಿಂದೆ ನಿಲ್ಲೋ ಹುಡ್ಗೀರು ಏನ್ ತಡೆದ್ರು ಮಗಾ! ನೀನೂ ಅಲ್ಲೇ ಅಲ್ವಾ ನಿಲ್ತಿದ್ದದ್ದು?”

ಸೆಮಿಫೈನಲ್ಲಿನಲ್ಲಿ ಅರ್ಜೆಂಟೀನಾಕ್ಕೆ ಸೋತೆವು. ಆಗಸ್ಟ್ 6ರಂದು ಕಂಚಿನ ಪಂದ್ಯವನ್ನು ಬ್ರಿಟನ್ನಿಗೆ 3-4ರಲ್ಲಿ ಕಳೆದುಕೊಂಡೆವು. ರೂಪಾ ಸೈನಿ ನಾಯಕಿಯಾಗಿದ್ದ 1980ರ ಮಾಸ್ಕೋದಲ್ಲಿ ಬಂದ ಸ್ಥಾನವೇ ಮತ್ತೆ ಬಂತು, ನಾಲ್ಕನೆಯದು. ಹುಡುಗಿಯರು ಮೈದಾನದಲ್ಲೇ ಅಳುತ್ತಿದ್ದರು. ಈ ಸಲ ನಾನೇ ಅಪ್ಪನಿಗೆ ಫೋನ್ ಮಾಡಿದೆ.

“ಅಪ್ಪಾ, ಅವತ್ತು ಕಾಲೇಜ್ ಫೈನಲ್ ಸೋತದ್ದು ನನ್ನಿಂದ. ಚೆಂಡು ನನ್ನ ಕಾಲ ಹತ್ರಾನೇ ಹೋಯ್ತು.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದಕ್ಕೇ ಆಟ ಬಿಟ್ಯಾ? ಅದಕ್ಕೆ ಮುಂಚೆ ಎಷ್ಟು ತಡೆದಿದ್ದೆ, ಅದನ್ನ ಹೇಳು.”

ನನಗೆ ಲೆಕ್ಕ ಸಿಗಲಿಲ್ಲ. “ತುಂಬಾ ಅಪ್ಪ” ಎಂದೆ.

ದೀಪ್ ಗ್ರೇಸ್ ಮರುವರ್ಷ ಕಾಮನ್‌ವೆಲ್ತ್ ಕಂಚು ಗೆದ್ದ ತಂಡದಲ್ಲಿದ್ದಳು. 2022ರ ಅರ್ಜುನ ಪ್ರಶಸ್ತಿಯೂ ಬಂತು. ನಾನು ಆ ವರ್ಷ ಊರಿಗೆ ಹೋದಾಗ ಸ್ಟಿಕ್ಕು ಅಟ್ಟದಲ್ಲಿರಲಿಲ್ಲ. ಅಪ್ಪ ಅದನ್ನು ಒರೆಸಿ ಬಾಗಿಲ ಹಿಂದೆ ನಿಲ್ಲಿಸಿದ್ದರು.