ಸಾಸಿವೆಯಷ್ಟು ಗಾಯ

ಕೊಟ್ಟಿಗೆಹಾರ ದಾಟಿ ಬಣಕಲ್ ಕಡೆಗೆ ಹೊರಳಿದರೆ ರಸ್ತೆ ಪಕ್ಕದಲ್ಲೇ ತಗಡಿನ ಮಾಡಿನ ಗ್ಯಾರೇಜು. ಬೆಳಿಗ್ಗೆ ಎಂಟೂವರೆ. ಮಳೆ ನಿಂತು ಅರ್ಧ ಗಂಟೆಯಾಗಿದೆ, ತೋಟದ ಸಿಲ್ವರ್ ಮರಗಳು ಮಾತ್ರ ಇನ್ನೂ ಹನಿಸುತ್ತಿವೆ. ನಾನು ಬೈಕಿಗೆ ಸ್ಟ್ಯಾಂಡ್ ಹಾಕಿ ಹೆಲ್ಮೆಟ್ ತೆಗೆಯುವಷ್ಟರಲ್ಲಿ ಮೇಸ್ತ್ರಿ ಮುಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತಾಗಿದೆ. ಎಡಗಡೆಯ ಶಾಕ್ ಮೇಲೆ ತೋರುಬೆರಳು ಎಳೆಯುತ್ತಾರೆ. ಬೆರಳು ಕಪ್ಪಗೆ ಮಿನುಗುತ್ತದೆ.

“ಸೀಲ್ ಹೋಗಿದೆ ಸಾರ್. ಬ್ರೇಕ್ ಹೇಗೆ ಹಿಡೀತಿದೆ?”

ಹಿಡಿಯುತ್ತಿಲ್ಲ. ಅದಕ್ಕೇ ಬಂದದ್ದು. ನಿನ್ನೆ ಸಂಜೆ ತೋಟದ ಇಳಿಜಾರಲ್ಲಿ ಲಿವರ್ ಒತ್ತಿದರೆ ಮುಂದಿನ ಚಕ್ರ ಕೇಳಿಸಿಕೊಳ್ಳಲೇ ಇಲ್ಲ. ಕಾಫಿ ಗಿಡವೊಂದು ನನ್ನನ್ನು ಹಿಡಿದು ನಿಲ್ಲಿಸಿತು. ಡಿಸ್ಕ್ ಇರುವುದೂ ಎಡಗಡೆಗೇ. ಮೇಲಿಂದ ಇಳಿದ ಆಯಿಲ್ ಕ್ಯಾಲಿಪರ್ ಮೇಲೆ ಹರಿದು ಪ್ಯಾಡಿಗೆ ಸೇರಿಕೊಂಡಿದೆ.

“ಆದ್ರೆ ಬೂಟ್ ಇದೆಯಲ್ಲ?” ಅನ್ನುತ್ತೇನೆ. ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಫೋರ್ಕ್ ಪೈಪನ್ನು ಮುಚ್ಚಿಕೊಂಡಿರುವ ಕಪ್ಪು ರಬ್ಬರು. ಕಂಪನಿಯಿಂದಲೇ ಬಂದದ್ದು. ಅದನ್ನು ನೋಡಿ ನೋಡಿಯೇ ಎರಡು ವರ್ಷ ನಿಶ್ಚಿಂತೆಯಾಗಿದ್ದೆ.

ಮೇಸ್ತ್ರಿ ಮಾತಾಡದೆ ಬೂಟಿನ ಕೆಳಗಿನ ಕ್ಲ್ಯಾಂಪ್ ಸಡಿಲಿಸಿ ರಬ್ಬರನ್ನು ಮೇಲಕ್ಕೆ ಸರಿಸುತ್ತಾರೆ. ಬಗ್ಗಿ ನೋಡಿದರೆ ಒಳಗೆ ಒಂದು ಸಣ್ಣ ಕೆಸರುಗದ್ದೆ. ಮಲೆನಾಡಿನ ಕೆಂಪು ಮಣ್ಣು, ಆಯಿಲ್ ಕುಡಿದು ಮೇಣದ ಹಾಗೆ ಪೈಪಿನ ಬುಡಕ್ಕೆ ಸುತ್ತಲೂ ಅಂಟಿದೆ. ಎರಡು ಬೆರಳ ನಡುವೆ ತಿಕ್ಕಿ ನೋಡುತ್ತೇನೆ. ಮೃದುವಲ್ಲ, ಜರಜರ ಅನ್ನುತ್ತದೆ.

“ವಾಟರ್ ಸರ್ವಿಸ್ ಎಲ್ಲಿ ಮಾಡಿಸ್ತೀರಿ?”

ಊರಿನ ಹೆಸರು ಹೇಳುತ್ತೇನೆ.

“ಪಂಪ್ ಹಿಡಿದು ಇಲ್ಲಿಗೇ ಹೊಡೀತಾರಾ?”

ಇಲ್ಲಿಗೇ ಹೊಡೆಯುತ್ತಾರೆ. ಪಕ್ಕದಲ್ಲಿ ನಿಂತು, ಇನ್ನೂ ಸ್ವಲ್ಪ ಹೊಡೀಪ್ಪಾ ಅಂತ ಹೇಳುವವನು ನಾನೇ.

ಮುಂದಿನ ಶಾಕ್ ಅಂದರೆ ದಪ್ಪ ಅಲ್ಯೂಮಿನಿಯಂ ಕೊಳವೆಯೊಳಗೆ ಹೋಗಿ ಬರುವ ತೆಳು ಉಕ್ಕಿನ ಪೈಪು. ನನ್ನದರಲ್ಲಿ ಪೈಪಿನ ಅಗಲ 37 ಮಿಲಿಮೀಟರು, ಓಡಾಟ 190 ಮಿಲಿಮೀಟರು, ಸುಮಾರು ಒಂದು ಗೇಣು. ಒಳಗೆ ಸ್ಪ್ರಿಂಗು, ಆಯಿಲು. ಆ ಆಯಿಲನ್ನು ಒಳಗೇ ಹಿಡಿದಿಡುವುದು ಕೊಳವೆಯ ಬಾಯಲ್ಲಿರುವ ಒಂದು ರಬ್ಬರ್ ಸೀಲಿನ ತುಟಿ. ಅದರ ಮೇಲೆ ಡಸ್ಟ್ ಸೀಲ್ ಅಂತ ಇನ್ನೊಂದು. ನನ್ನಂಥ ಬೈಕುಗಳಲ್ಲಿ ಆ ಬಾಯಿ ಮೇಲ್ಮುಖ, ಬಟ್ಟಲಿನ ಹಾಗೆ. ಬೂಟಿನೊಳಗೆ ನುಗ್ಗಿದ ನೀರು, ಮಣ್ಣು ಎಲ್ಲ ಬಂದು ಕೂರುವುದು ಅದೇ ಬಟ್ಟಲಲ್ಲಿ. ಬೂಟ್ ಇರುವುದರಿಂದ ಕಲ್ಲು ಬಡಿಯುವುದಿಲ್ಲ, ನಿಜ. ಬೂಟ್ ಇರುವುದರಿಂದಲೇ ನಾನು ಒಳಗೆ ಏನಾಗಿದೆ ಅಂತ ಎರಡು ವರ್ಷ ನೋಡಲಿಲ್ಲ, ಅದೂ ನಿಜ.

ರಸ್ತೆಯಲ್ಲಿ ಹಾರ್ನ್. ಪಿಕಪ್ಪೊಂದು ಬಂದು ನಿಲ್ಲುತ್ತದೆ. ಹಿಂದೆ ನಾಲ್ಕು ಬೆಲ್ಟುಗಳಲ್ಲಿ ಬಿಗಿದ ಮೋಟೋಕ್ರಾಸ್ ಬೈಕು. ಇಪ್ಪತ್ತೆರಡರ ಹುಡುಗ ಹಾರಿ ಇಳಿಯುತ್ತಾನೆ. ಮಂಗಳೂರಿನವನು, ಚಾರ್ಮಾಡಿ ಘಾಟಿ ಹತ್ತಿ ಬಂದಿದ್ದಾನೆ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಪೆರುವಿನ ಮರಳಲ್ಲಿ ಡಕಾರ್ ರ‍್ಯಾಲಿ ಮುಗಿಸಿದ್ದನ್ನು ಮೊಬೈಲಲ್ಲಿ ನೋಡಿದಂದಿನಿಂದ ಹಿಡಿದ ಹುಚ್ಚಂತೆ.

“ಎಂತ ಮಾರಾಯ್ರೆ, ನಿಮ್ಮದೂ ಲೀಕಾ?”

ಮೇಸ್ತ್ರಿ ಅವನ ಬೈಕಿನ ಮೂತಿ ನೋಡಿ ಹಲ್ಲು ಕಚ್ಚುತ್ತಾರೆ. ಬೆಲ್ಟ್ ಎಷ್ಟು ಬಿಗಿದಿದ್ದಾನೆಂದರೆ ಮುಂದಿನ ಶಾಕ್ ಪೂರ್ತಿ ಕುಗ್ಗಿ, ಚಕ್ರ ಹೋಗಿ ಮಡ್‌ಗಾರ್ಡಿಗೆ ತಾಗುವಂತಿದೆ. “ಹೀಗೇ ಘಾಟಿ ಹತ್ತಿಸಿದ್ಯಾ? ಮೊದ್ಲು ಇಳಿಸು.”

ಮೂವರೂ ಸೇರಿ ಇಳಿಸುತ್ತೇವೆ. ಹೊಟ್ಟೆಯ ಕೆಳಗೆ ಸ್ಟೂಲ್ ಕೊಟ್ಟು ಮುಂದಿನ ಚಕ್ರ ಗಾಳಿಯಲ್ಲಿ ನಿಲ್ಲುವಂತೆ ಮಾಡಿದ ಮೇಲೆ ಮೇಸ್ತ್ರಿ ಶಾಕ್ ತಲೆಯ ಮೇಲಿನ ಚಿಟಿಕೆಯಷ್ಟು ಸ್ಕ್ರೂ ಸಡಿಲಿಸುತ್ತಾರೆ. ‘ಸ್ಸ್’ ಅಂತ ಗಾಳಿ ಹೊರಡುತ್ತದೆ. ಇನ್ನೊಂದು ಕಡೆಯೂ ‘ಸ್ಸ್’. ಘಾಟಿ ಹತ್ತಿದ ಹಾಗೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಒಳಗೆ ಸಿಕ್ಕಿಕೊಂಡದ್ದು ಇಳಿಯುವುದಿಲ್ಲ. ಅದರ ಮೇಲೆ ಬೆಲ್ಟಿನ ಬಿಗಿತ, ಹೊಂಡ ಹೊಂಡಕ್ಕೂ ಕುಲುಕು. ಎಲ್ಲದರ ಭಾರವನ್ನೂ ಸೀಲಿನ ತುಟಿಯೇ ಒಳಗಿಂದ ತಡೆಯಬೇಕು. ಮೇಸ್ತ್ರಿ ಮೂಲೆಯಿಂದ ಒಂದು ಮರದ ತುಂಡು ತಂದು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಇಟ್ಟು ಅಳತೆ ನೋಡುತ್ತಾರೆ, ಗರಗಸದಲ್ಲಿ ಎರಡು ಇಂಚು ಕೊಯ್ದು ಹುಡುಗನ ಕೈಗೆ ಕೊಡುತ್ತಾರೆ. “ವಾಪಸ್ ಹೋಗ್ವಾಗ ಇದನ್ನ ಇಟ್ಟು ಕಟ್ಟು.” ಪೇಟೆಯಲ್ಲಿ ಇದಕ್ಕೇ ಪ್ಲಾಸ್ಟಿಕ್ಕಿನದು ಸಿಗುತ್ತದೆ. ಮರದ ತುಂಡು ಸಾಕು ಅನ್ನುವುದು ನನ್ನ ಅಭಿಪ್ರಾಯವೂ.

ಹುಡುಗನ ಬೈಕಿನ ಶಾಕ್ ನನ್ನದಕ್ಕೆ ತಿರುವುಮುರುವು: ದಪ್ಪ ಕೊಳವೆ ಮೇಲೆ, ಹೊಳೆಯುವ 48 ಮಿಲಿಮೀಟರಿನ ಪೈಪು ಕೆಳಗೆ. ಸೀಲಿನ ಬಾಯಿ ನೆಲ ನೋಡುತ್ತದೆ, ನೀರು ನಿಲ್ಲುವುದಿಲ್ಲ. ಆದರೆ ಪೈಪು ಚಕ್ರದ ಪಕ್ಕದಲ್ಲೇ, ಮುಂದೆ ಹೋಗುವವನು ಎರಚಿದ ಕಲ್ಲಿಗೆ ಎದೆಕೊಟ್ಟು ನಿಂತಿದೆ. ಅದಕ್ಕೇ ಮುಂದುಗಡೆ ಪ್ಲಾಸ್ಟಿಕ್ ಗಾರ್ಡು. ಇವನ ಎಡಗಡೆಯ ಗಾರ್ಡಿನ ಬೋಲ್ಟು ಬಿದ್ದುಹೋಗಿ ಅದು ಪೈಪಿಗೆ ಉಜ್ಜುತ್ತಿದೆ, ಒಳಗೆ ಸಿಕ್ಕ ಒಣಮಣ್ಣು ಅರದ ಕೆಲಸ ಮಾಡುತ್ತಿದೆ. ಕಾಯಲು ಇಟ್ಟದ್ದೇ ಕೊರೆಯುತ್ತಿದೆ, ನನ್ನ ಬೂಟಿನ ಹಾಗೆಯೇ.

ಈಗ ನನ್ನದು. ಚಕ್ರ, ಕ್ಯಾಲಿಪರ್ ಬಿಚ್ಚುವುದು, ಹ್ಯಾಂಡಲಿನ ಕೆಳಗೆ ಅದನ್ನು ಹಿಡಿದಿರುವ ಟಿ-ಯಿಂದ ಶಾಕ್ ಎಳೆಯುವುದು ಎಲ್ಲ ಅರ್ಧ ಗಂಟೆಯ ಕೆಲಸ. ಮೇಲಿನ ಮುಚ್ಚಳ ಬಿಚ್ಚಿ ಡಬ್ಬಕ್ಕೆ ಬಗ್ಗಿಸಿದಾಗ ಬಂದ ಆಯಿಲಿಗೆ ಕೊಳೆತ ಮೀನಿನ ನಾತ, ಬಣ್ಣ ಬೂದಿ. ಹುಡುಗ ಮೂಗು ಮುಚ್ಚಿಕೊಂಡು ಆಚೆ ಹೋಗುತ್ತಾನೆ.

ಮೇಸ್ತ್ರಿ ಪೈಪನ್ನು ಒರೆಸಿ ಬಾಗಿಲ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸುತ್ತಾರೆ. ನನ್ನ ಕಣ್ಣಿಗೆ ಏನೂ ಕಾಣುವುದಿಲ್ಲ. “ಕಣ್ಣಲ್ಲಿ ನೋಡ್ಬೇಡಿ, ಉಗುರಲ್ಲಿ ನೋಡಿ,” ಅನ್ನುತ್ತಾರೆ. ಹೆಬ್ಬೆರಳಿನ ಉಗುರು ಇಟ್ಟು ಉದ್ದಕ್ಕೆ ಜಾರಿಸುತ್ತೇನೆ. ನುಣುಪು, ನುಣುಪು, ನುಣುಪು, ಟಕ್. ಅಲ್ಲಿದೆ. ಸಾಸಿವೆ ಕಾಳಿನಷ್ಟು. ಮಣ್ಣಲ್ಲಿದ್ದ ಹರಳೊಂದು ಕ್ರೋಮಿನ ಹೊದಿಕೆಯನ್ನು ಎಬ್ಬಿಸಿದೆ, ಅಂಚು ಗರಗಸದ ಹಲ್ಲಿನಂತೆ ನಿಂತಿದೆ. ಶಾಕ್ ಕುಗ್ಗಿದಾಗಲೆಲ್ಲ ಈ ಹಲ್ಲು ಸೀಲಿನ ತುಟಿಯನ್ನು ಸವರಿಕೊಂಡೇ ಹೋಗಿದೆ. ಇದನ್ನು ಹೀಗೇ ಬಿಟ್ಟು ಬರೀ ಹೊಸ ಸೀಲ್ ಹಾಕಿದರೆ ತಿಂಗಳಲ್ಲಿ ಮತ್ತೆ ಇಲ್ಲೇ.

1500 ನಂಬರಿನ ಎಮರಿ ಪೇಪರಿಗೆ ಆಯಿಲ್ ಹಚ್ಚಿ, ಆ ಜಾಗದ ಮೇಲಷ್ಟೇ, ಪೈಪಿನ ಸುತ್ತಕ್ಕೆ ಉಜ್ಜುತ್ತಾರೆ. ಮೇಲೆ ಕೆಳಗೆ ಉಜ್ಜುವುದಿಲ್ಲ. ಉದ್ದ ಗೀರು ಬಿದ್ದರೆ ಆಯಿಲಿಗೆ ಅದೇ ಕಾಲುವೆ. ನಡುನಡುವೆ ಉಗುರಿಗೆ ಕೇಳುತ್ತಾರೆ. ಕೊನೆಗೆ ಅಂಚು ಹೋಗಿ ಗುಳಿ ಮಾತ್ರ ಉಳಿಯುತ್ತದೆ. ಒಳಮನೆ ಕಡೆ ತಿರುಗಿ ಮಗಳನ್ನು ಕೂಗುತ್ತಾರೆ. ನೇಲ್ ಪಾಲಿಶ್ ಬರುತ್ತದೆ. ಬೆಂಕಿಕಡ್ಡಿಯ ತುದಿಯಲ್ಲಿ ಒಂದು ಹನಿ ಗುಳಿಗೆ ತುಂಬಿ, ಒಣಗಲು ಬಿಟ್ಟು, ಮತ್ತೆ ಉಜ್ಜಿ ಸಮ ಮಾಡುತ್ತಾರೆ. ಕ್ರೋಮಿನ ಮೇಲೆ ಗುಲಾಬಿ ಚುಕ್ಕೆ. ಎಷ್ಟು ದಿನ ಬಾಳುತ್ತದೋ ನೋಡೋಣ. ಗಾಯ ಇದಕ್ಕಿಂತ ದೊಡ್ಡದಾಗಿದ್ದರೆ ಪೈಪೇ ಬದಲಿಸಬೇಕಿತ್ತು.

ಹೊಸ ಸೀಲ್ ಇಳಿಸುವ ಮುಂಚೆ ನಂದಿನಿ ಹಾಲಿನ ಪ್ಯಾಕೆಟ್ಟು ಕತ್ತರಿಸಿ ಪೈಪಿನ ತಲೆಗೆ ಟೋಪಿ ಹಾಕುತ್ತಾರೆ, ಮೇಲೆ ಆಯಿಲ್ ಸವರುತ್ತಾರೆ. ಪೈಪಿನ ಬಾಯಂಚು ಹರಿತ; ಬರಿಮೈಯಲ್ಲಿ ಸೀಲ್ ತೂರಿಸಿದರೆ ಹುಟ್ಟುವಾಗಲೇ ತುಟಿ ಸೀಳು. ಪ್ಯಾಕೆಟ್ಟಿನ ಮೇಲೆ ಸೀಲ್ ಸಲೀಸಾಗಿ ಜಾರುತ್ತದೆ. ಅದನ್ನು ಗೂಡಿಗೆ ಕೂರಿಸಲು ಪಿವಿಸಿ ಪೈಪಿನ ತುಂಡು, ಸುತ್ತಿಗೆಯ ಸಣ್ಣ ಏಟು. ಕೂತ ಕ್ಷಣ ಸದ್ದು ಬದಲಾಗುತ್ತದೆ, ಟೊಳ್ಳು ಹೋಗಿ ಗಟ್ಟಿ. ಬ್ರೇಕಿನ ಪ್ಯಾಡ್ ಹೊಸದು. ಆಯಿಲ್ ಕುಡಿದ ಹಳೆಯದನ್ನು ನನ್ನೆದುರೇ ಗುಜರಿಗೆ ಎಸೆಯುತ್ತಾರೆ, ಅದರ ಮೇಲೆ ಚೌಕಾಸಿಯಿಲ್ಲ.

ಬೂಟ್ ತೆಗೆದುಬಿಡಲೇ ಅಂತ ಕೇಳುತ್ತೇನೆ. ಬೇಡ ಅನ್ನುತ್ತಾರೆ. ಬೂಟಿನ ಬುಡದ ಸಣ್ಣ ತೂತುಗಳನ್ನು ಹಿಂದಕ್ಕೆ ತಿರುಗಿಸಿ ಹಾಕುತ್ತಾರೆ, ನೀರು ಇಳಿದುಹೋಗಲಿ, ಎದುರಿನ ಕೆಸರು ಒಳಗೆ ಬರದಿರಲಿ ಅಂತ. ನಾನು ಇಷ್ಟು ದಿನ ಅವು ಮುಂದಕ್ಕಿರುವುದನ್ನು ಗಮನಿಸಿಯೇ ಇರಲಿಲ್ಲ. ಕೆಸರಲ್ಲಿ ಓಡಿಸಿದ ದಿನ ಕ್ಲ್ಯಾಂಪ್ ಸಡಿಲಿಸಿ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಪಂಪಿನ ನೀರು ಇಲ್ಲಿಗೆ ಬೇಡ. ಪೆಟ್ರೋಲಲ್ಲಿ ತೊಳೆಯುವುದಂತೂ ಬೇಡವೇ ಬೇಡ, ರಬ್ಬರು ಉಬ್ಬುತ್ತದೆ.

ಅಷ್ಟರಲ್ಲಿ ಹುಡುಗನ ಬೈಕಿನ ಬಲಗಡೆಯಲ್ಲಿ ಸಣ್ಣ ಜಿನುಗು ಕಾಣುತ್ತದೆ. ಸೀಲ್ ಬದಲಿಸಲು ಅವನ ಬಳಿ ದುಡ್ಡಿಲ್ಲ, ಹೊತ್ತೂ ಇಲ್ಲ. ಮೇಸ್ತ್ರಿ ಡ್ರಾಯರಿನಿಂದ ಹಳೆಯ ಕ್ಯಾಮೆರಾ ರೀಲಿನ ನೆಗೆಟಿವ್ ತೆಗೆಯುತ್ತಾರೆ. ಕತ್ತರಿಯಲ್ಲಿ ಒಂದಂಚಿಗೆ ಕೊಕ್ಕೆ ಮಾಡಿ, ಡಸ್ಟ್ ಸೀಲ್ ಸರಿಸಿ, ಪೈಪಿಗೂ ಸೀಲಿಗೂ ನಡುವೆ ತೂರಿಸಿ ಒಂದು ಸುತ್ತು ಎಳೆಯುತ್ತಾರೆ. ಕೊಕ್ಕೆಯ ತುದಿಯಲ್ಲಿ ನಾಲ್ಕೈದು ಹರಳು ಮಣ್ಣು. ಒರೆಸಿ, ಶಾಕನ್ನು ಹತ್ತು ಸಲ ಒತ್ತಿಸಿ ನೋಡಿದರೆ ಜಿನುಗು ನಿಂತಿದೆ. ತುಟಿ ಹರಿದಿರಲಿಲ್ಲ, ಬಾಯಲ್ಲಿ ಕಲ್ಲು ಸಿಕ್ಕಿತ್ತು ಅಷ್ಟೇ.

“ಎಕ್ಸ್‌ರೇ ಫಿಲಂ ಆಗಲ್ವಾ?” ಹುಡುಗ ಕೇಳುತ್ತಾನೆ.

“ಅದು ದಪ್ಪ.”

ನಾನು ತೋಟದ ಇಳಿಜಾರಿನಲ್ಲಿ ಒಂದು ಸುತ್ತು ಹೋಗಿ ಬರುತ್ತೇನೆ. ನಿನ್ನೆಯ ಕಾಫಿ ಗಿಡದ ಹತ್ತು ಹೆಜ್ಜೆ ಹಿಂದೆಯೇ ಬೈಕು ನಿಲ್ಲುತ್ತದೆ. ಮೇಸ್ತ್ರಿ ಬೂಟ್ ಎತ್ತಿ ಪೈಪಿನ ಮೇಲೆ ಬೆರಳು ಎಳೆದು ತೋರಿಸುತ್ತಾರೆ. ಉಸಿರು ಬಿಟ್ಟ ಕನ್ನಡಿಯ ಹಾಗೆ ತೆಳ್ಳಗೆ ಪಸೆ. “ಇಷ್ಟು ಇರ್ಬೇಕು ಸಾರ್.”

ದುಡ್ಡು ಎಣಿಸಿ ಕೊಟ್ಟು ಹೊರಡುವಾಗ, ಮಿಕ್ಕ ನೆಗೆಟಿವಿನಿಂದ ನನಗೂ ಒಂದು ತುಂಡು ಕೊಕ್ಕೆ ಕತ್ತರಿಸಿ ಕೊಡುತ್ತಾರೆ. ಬೆಳಕಿಗೆ ಹಿಡಿಯುತ್ತೇನೆ. ಯಾವುದೋ ಮದುವೆ. ಕಪ್ಪು ಮುಖ, ಬಿಳಿ ಕೂದಲು, ಹಾರ ಹಿಡಿದು ಎತ್ತಿದ ಎರಡು ಕೈ. ಕೊಕ್ಕೆ ಬಿದ್ದಿರುವುದು ಹಿಂದೆ ನಿಂತ ಯಾರದೋ ಭುಜಕ್ಕೆ. ಪರ್ಸಿನಲ್ಲಿ ಡ್ರೈವಿಂಗ್ ಲೈಸೆನ್ಸಿನ ಪಕ್ಕಕ್ಕೆ ಸಿಕ್ಕಿಸಿಕೊಂಡು ಕಿಕ್ ಹೊಡೆಯುತ್ತೇನೆ.