ಗಾಳದ ದಾರ ಕಲಿಸಿದ ಪಾಠ

ಮಕ್ಕಳೇ, ಗಾಳ ಹಾಕಿ ಮೀನು ಹಿಡಿಯುವುದನ್ನು ನೀವು ನೋಡಿದ್ದೀರಾ? ಹೊಳೆಯ ಬದಿಯಲ್ಲಿ ಮನೆಯಿರುವವರು ನೋಡಿಯೇ ಇರುತ್ತೀರಿ. ನನ್ನ ಮನೆ ಇರುವುದು ಕಾಸರಗೋಡಿನ ಚಂದ್ರಗಿರಿ ಹೊಳೆಯ ಹತ್ತಿರ. ಚಿಕ್ಕಂದಿನಲ್ಲಿ ನಾನು ಸೋದರಮಾವನ ಜೊತೆ ಗಾಳ ಹಾಕಲು ಹೋಗುತ್ತಿದ್ದೆ. ಮಾವನ ಬಳಿ ರೀಲು ಇರಲಿಲ್ಲ. ಒಂದು ಮರದ ತುಂಡಿಗೆ ನೈಲಾನ್ ದಾರ ಸುತ್ತಿಕೊಂಡಿದ್ದರು. ದಾರದ ತುದಿಗೆ ಕೊಕ್ಕೆ, ಕೊಕ್ಕೆಗೆ ಸಿಗಡಿಯ ತುಂಡು, ಅಷ್ಟೆ. ಮೀನು ಸಿಗಲಿ, ಸಿಗದಿರಲಿ, ಮನೆಗೆ ಹೊರಡುವ ಮೊದಲು ಮಾವ ದಾರವನ್ನು ಬಿಗಿಯಾಗಿ ಸುತ್ತಿಡುತ್ತಿದ್ದರು. ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಗಲ್ಫಿನಲ್ಲಿರುವ ನನ್ನ ಅಕ್ಕನ ಮಗ ರಜೆಯಲ್ಲಿ ಊರಿಗೆ ಬಂದ. "ಮಾವ, ಇದು ನಿಮಗೆ" ಎಂದು ಒಂದು ಹೊಸ ಕೋಲು ಮತ್ತು ರೀಲನ್ನು ಕೊಟ್ಟ. ರೀಲಿನ ಉರುಳೆಯ ತುಂಬ ಹಸಿರು ದಾರವಿತ್ತು. ಅದು ನೈಲಾನ್ ದಾರದಂತೆ ಒಂದೇ ಎಳೆಯದಲ್ಲ. ಕೂದಲಿನಷ್ಟು ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದು ಮಾಡಿದ ದಾರ. ತೆಳ್ಳಗಿದ್ದರೂ ಬಹಳ ಗಟ್ಟಿ.

ಅಂದು ಸಂಜೆಯೇ ಹೊಳೆಗೆ ಹೋದೆ. ಕೋಲು ಬೀಸಿದೆ. ಮೂರನೆಯ ಸಲ ಬೀಸುವಾಗ ದಾರ ಮುದ್ದೆಯಾಗಿ ಹೊರಗೆ ಬಂತು! ಹಕ್ಕಿಯ ಗೂಡಿನಂತಹ ಸಿಕ್ಕು. ನನಗೆ ಸಿಟ್ಟು ಬಂತು. ಬಲವಾಗಿ ಎಳೆದೆ. ಗಂಟು ಇನ್ನಷ್ಟು ಬಿಗಿಯಿತು, ದಾರ ನನ್ನ ಬೆರಳನ್ನು ಕೊಯ್ದಿತು. ಕೊನೆಗೆ ಕತ್ತಿಯಿಂದ ಆ ಮುದ್ದೆಯನ್ನು ಕತ್ತರಿಸಿ ಪೊದೆಯತ್ತ ಎಸೆದು ಮನೆಗೆ ಬಂದೆ.

ಮುಂದಿನ ಭಾನುವಾರ ಅದೇ ಜಾಗಕ್ಕೆ ಹೋದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪೊದೆಯ ಬಳಿ ಬಗ್ಗಿ ಕುಳಿತಿದ್ದ. ಈಗ ಅವನು ದೋಣಿಯಲ್ಲಿ ಮೀನು ಹಿಡಿದು ಬದುಕುವವನು. ಅವನ ಕೈಯಲ್ಲಿ ಒಂದು ಬೆಳ್ಳಕ್ಕಿ. ಅದರ ಕಾಲಿಗೆ ಹಸಿರು ದಾರ ಸುತ್ತಿಕೊಂಡಿತ್ತು. ಒಂದು ಬೆರಳು ಕಪ್ಪಾಗಿತ್ತು. ಅವನು ಒಂದೊಂದೇ ಸುತ್ತನ್ನು ಮೆಲ್ಲಗೆ ಕತ್ತರಿಸಿ ತೆಗೆಯುತ್ತಿದ್ದ.

"ಮಾಷ್ಟ್ರೇ, ಇದನ್ನು ಇಲ್ಲಿ ಬಿಸಾಡಿದವರು ಯಾರೋ?" ಎಂದ.

ನನಗೆ ಮಾತು ಹೊರಡಲಿಲ್ಲ. ತರಗತಿಯಲ್ಲಿ ಕಸವನ್ನು ಕಂಡಕಂಡಲ್ಲಿ ಎಸೆಯಬೇಡಿ ಎಂದು ಅವನಿಗೆ ಹೇಳಿಕೊಟ್ಟವನು ನಾನೇ. ಸ್ವಲ್ಪ ಹೊತ್ತಿನ ಬಳಿಕ, "ನಾನೇ" ಎಂದೆ. ಅವನು ಏನೂ ಹೇಳಲಿಲ್ಲ. ಬೆಳ್ಳಕ್ಕಿಯನ್ನು ನೆಲದ ಮೇಲೆ ಬಿಟ್ಟ. ಅದು ಕುಂಟುತ್ತ ನಾಲ್ಕು ಹೆಜ್ಜೆ ನಡೆದು ಹಾರಿಹೋಯಿತು. ಆಮೇಲೆ ಅವನು, "ರೀಲು ಕೊಡಿ ಮಾಷ್ಟ್ರೇ, ನೋಡುವ" ಎಂದು ಕೈ ಚಾಚಿದ. ಅಂದು ಅವನು ಮಾಷ್ಟ್ರು, ನಾನು ವಿದ್ಯಾರ್ಥಿ.

ಅವನು ಕಲಿಸಿದ್ದನ್ನು ನಿಮಗೂ ಹೇಳುತ್ತೇನೆ. ಹೆಣೆದ ದಾರ ಬಹಳ ಮೆತ್ತಗೆ, ನುಣುಪು. ಸಡಿಲವಾಗಿ ಸುತ್ತಿದರೆ ಉರುಳೆಯ ಮೇಲೆ ಸಣ್ಣ ಸಣ್ಣ ಕುಣಿಕೆಗಳು ಉಳಿಯುತ್ತವೆ. ಕೋಲು ಬೀಸಿದಾಗ ಮೇಲಿನ ಸುತ್ತು ಹೊರಡುತ್ತ ಕೆಳಗಿನ ಕುಣಿಕೆಯನ್ನೂ ಎಳೆದುಕೊಂಡು ಬರುತ್ತದೆ. ಸಿಕ್ಕು ಹುಟ್ಟುವುದು ಹಾಗೆ.

ಆದ್ದರಿಂದ ದಾರವನ್ನು ಬಿಗಿಯಾಗಿಯೇ ಸುತ್ತಬೇಕು. ಉರುಳೆಯ ಅಂಚಿನವರೆಗೆ ತುಂಬಬಾರದು, 2 ಅಥವಾ 3 ಮಿಲಿಮೀಟರ್ ಜಾಗ ಬಿಡಬೇಕು. ಹೆಣೆದ ದಾರ ಬರಿಯ ಉರುಳೆಯ ಮೇಲೆ ಜಾರುತ್ತದೆ. ಅದಕ್ಕಾಗಿ ಅಡಿಯಲ್ಲಿ ಮೊದಲು ನಾಲ್ಕಾರು ಸುತ್ತು ನೈಲಾನ್ ದಾರ ಇರಬೇಕು. ರೀಲಿನಲ್ಲಿ ಬಳೆಯಂತೆ ಬಾಗಿದ ಒಂದು ತಂತಿ ಇರುತ್ತದೆ. ಬೀಸುವ ಮೊದಲು ಅದನ್ನು ತೆರೆಯುತ್ತಾರೆ. ಬೀಸಿದ ಮೇಲೆ ಹಿಡಿಯನ್ನು ತಿರುಗಿಸಿ ಮುಚ್ಚುವ ಬದಲು ಕೈಯಿಂದಲೇ ಮುಚ್ಚಬೇಕು. ಬಳಿಕ ದಾರವನ್ನು ಒಮ್ಮೆ ಮೆಲ್ಲಗೆ ಎಳೆದು, ಬಿಗಿಯಾದ ಮೇಲೆ ಸುತ್ತಲು ತೊಡಗಬೇಕು. ದೊಡ್ಡ ಮೀನು ಎಳೆದಾಗ ರೀಲು "ಕಿರ್ರ್" ಎನ್ನುತ್ತ ದಾರವನ್ನು ಬಿಟ್ಟುಕೊಡುತ್ತದೆ. ಆಗ ಹಿಡಿಯನ್ನು ತಿರುಗಿಸಿದರೆ ದಾರ ತಿರುಚಿಕೊಳ್ಳುತ್ತದೆ. ಸುಮ್ಮನೆ ಕಾಯಬೇಕು.

ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ಸಿಕ್ಕು ಬೀಳಬಹುದು. ಆಗ ಎಳೆಯಬೇಡಿ. ಎಳೆದಷ್ಟೂ ಗಂಟು ಬಿಗಿಯುತ್ತದೆ. ಸಡಿಲವಾದ ಕುಣಿಕೆ ಯಾವುದು ಎಂದು ಹುಡುಕಿ, ಉಗುರಿನ ತುದಿಯಿಂದ ಒಂದೊಂದಾಗಿ ಬಿಡಿಸಿ. ದಾರವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ, ಅದು ಬ್ಲೇಡಿನಂತೆ ಕೊಯ್ಯುತ್ತದೆ.

ಅವನು ರೀಲನ್ನು ಹಿಂದೆ ಕೊಟ್ಟಾಗ ದಾರ ಬಿಗಿಯಾಗಿ, ಒಪ್ಪವಾಗಿ ಕುಳಿತಿತ್ತು. ನನಗೆ ಮಾವನ ಮರದ ತುಂಡು ನೆನಪಾಯಿತು. ಮಾವ ಅದನ್ನು ಬಾಯಿಯಲ್ಲಿ ಹೇಳಿರಲಿಲ್ಲ, ಪ್ರತಿ ಸಂಜೆ ಮಾಡಿ ತೋರಿಸಿದ್ದರು. ನಾನು ನೋಡಿದ್ದೆ, ಕಲಿತಿರಲಿಲ್ಲ.

ಈಗ ನನ್ನ ಚೀಲದಲ್ಲಿ ಒಂದು ಹಳೆಯ ಡಬ್ಬಿ ಇದೆ. ಕತ್ತರಿಸಿದ ದಾರದ ತುಂಡುಗಳೆಲ್ಲ ಅದರೊಳಗೆ. ಈ ದಾರ ಬಾಳೆಯ ನಾರಿನಂತೆ ಮಣ್ಣಿನಲ್ಲಿ ಕೊಳೆತುಹೋಗುವುದಿಲ್ಲ. ನಿಮ್ಮ ಊರಿನ ಹೊಳೆಯ ದಡದಲ್ಲಿ ಇಂತಹ ತುಂಡು ಕಂಡರೆ ಹೆಕ್ಕಿ ತನ್ನಿ. ಕೊಕ್ಕೆ ಇದ್ದರೆ ಮುಟ್ಟದೆ ದೊಡ್ಡವರನ್ನು ಕರೆಯಿರಿ.

ಹೊಳೆಯ ಬದಿಯಲ್ಲಿ ಬೆಳ್ಳಕ್ಕಿಗಳನ್ನು ಕಂಡಾಗಲೆಲ್ಲ ನಾನು ಅವುಗಳ ಕಾಲನ್ನು ನೋಡುತ್ತೇನೆ. ಕುಂಟುವ ಆ ಒಂದು ಹಕ್ಕಿ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮಗೇನಾದರೂ ಕಂಡರೆ ನನಗೆ ತಿಳಿಸುತ್ತೀರಾ?