ತಾನೇ ಹಾರಬಲ್ಲದು

ಕೊತ್ತಂಬರಿಯ ಕಟ್ಟಿಗೆ ಬಿಗಿದಿದ್ದ ರಬ್ಬರ್ ಬ್ಯಾಂಡನ್ನು ಮನೆಯಾಕೆ ಮೊನ್ನೆ ಕಸದ ಬುಟ್ಟಿಗೆ ಹಾಕಹೊರಟಾಗ ನಾನು ಸರಕ್ಕನೆ ಕೈಯೊಡ್ಡಿ ಅದನ್ನು ಪಡೆದು ಜೇಬಿಗಿಳಿಸಿದುದು ಆಕೆಗೆ ಲೋಭದ ಪರಾಕಾಷ್ಠೆಯಾಗಿ ತೋರಿರಬೇಕು. ರೇಡಿಯೋ ನಿಯಂತ್ರಣದ ಪುಟ್ಟ ವಿಮಾನವನ್ನು ಹಾರಿಸುವ ವಿದ್ಯೆಗೆ ತಲೆ ನರೆತ ಮೇಲೆ ಕೈಹಾಕಿದವನಿಗೆ ಮಾತ್ರ ಅದರ ಬೆಲೆ ಗೊತ್ತು. ಕಲಿಯುವವರ ವಿಮಾನದಲ್ಲಿ ರೆಕ್ಕೆಯನ್ನು ಒಡಲಿಗೆ ಬಿಗಿಯುವುದು ಇಂಥ ಬ್ಯಾಂಡುಗಳೇ; ನೆಲಕ್ಕೆ ಬಡಿದಾಗ ರೆಕ್ಕೆ ಮುರಿಯದೆ ಕಳಚಿಕೊಳ್ಳಲೆಂದು ಈ ಏರ್ಪಾಡು. ಶಿಷ್ಯನು ಬೀಳಿಸಿಯೇ ತೀರುವನೆಂಬುದನ್ನು ಮೊದಲೇ ಗ್ರಹಿಸಿ ರಚಿಸಿದ ವಾಹನವನ್ನು ಕೈಯಲ್ಲಿ ಹಿಡಿದು ನಿಂತವನಿಗೆ ಅಹಂಕಾರವು ಎಲ್ಲಿಂದ ಬಂದೀತು?

ರಬ್ಬರಿಗೂ ವಿಮಾನಕ್ಕೂ ಇರುವ ನಂಟು ಹಳೆಯದು. ಫ್ರೆಂಚ್ ನೌಕಾಧಿಪತಿಯೊಬ್ಬನ ಮಗನಾಗಿದ್ದೂ ಸೊಂಟದ ವ್ಯಾಧಿಯಿಂದ ನೌಕಾಪಡೆಯನ್ನು ಸೇರಲಾರದೆ ಹೋದ ಆಲ್ಫೋನ್ಸ್ ಪೆನೋ ಎಂಬ ತರುಣನು, 1871ರ ಆಗಸ್ಟಿನಲ್ಲಿ, ಪ್ಯಾರಿಸಿನ ಟ್ಯುಯಿಲರೀ ಉದ್ಯಾನದಲ್ಲಿ, ವಿದ್ವಜ್ಜನರ ಸಮಕ್ಷಮದಲ್ಲಿ, ಹುರಿಗೊಳಿಸಿದ ರಬ್ಬರಿನಿಂದ ತಿರುಗುವ ಪಂಖವುಳ್ಳ ಪುಟ್ಟ ವಿಮಾನವನ್ನು ಹನ್ನೊಂದು ಸೆಕೆಂಡುಗಳ ಕಾಲ, ಸುಮಾರು 40 ಮೀಟರುಗಳಷ್ಟು ದೂರ ಹಾರಿಸಿದನು. ದೂರವು ಅಲ್ಪವೆನ್ನಬಹುದು, ಆದರೆ ರೆಕ್ಕೆಯ ತುದಿಗಳನ್ನು ಮೇಲಕ್ಕೆ ಬಾಗಿಸಿ, ಬಾಲವನ್ನು ರೆಕ್ಕೆಗಿಂತ ಕಡಿಮೆ ಕೋನದಲ್ಲಿ ಕೂಡಿಸಿ, ಮೂತಿ ತಗ್ಗಿದರೆ ತಾನೇ ಎತ್ತಿಕೊಳ್ಳುವ, ಪಕ್ಕಕ್ಕೆ ವಾಲಿದರೆ ತಾನೇ ಸಮನಾಗುವ ಗುಣವನ್ನು ಅವನು ಆ ಕಡ್ಡಿಗೂಡಿಗೆ ಕೊಟ್ಟಿದ್ದನು. 1876ರಲ್ಲಿ ಪೋಲ್ ಗೋಶೋ ಎಂಬವನೊಡನೆ ಪೇಟೆಂಟು ಪಡೆದ ದೊಡ್ಡ ವಿಮಾನದ ನಕ್ಷೆಯಲ್ಲಿ ಒಳಕ್ಕೆ ಮಡಚಿಕೊಳ್ಳುವ ಚಕ್ರಗಳಿದ್ದುವು; ಏರಿಳಿತಕ್ಕೂ ತಿರುವಿಗೂ ಒಂದೇ ಹಿಡಿಕೆಯಿತ್ತು. ಅದನ್ನು ಕಟ್ಟಲು ಹಣ ಕೊಡುವವರು ದೊರೆಯಲಿಲ್ಲ. ತನ್ನ ನಕ್ಷೆಗಳನ್ನೆಲ್ಲ ಒಂದು ಕಿರಿಯ ಶವಪೆಟ್ಟಿಗೆಯಲ್ಲಿರಿಸಿ, ನೆರವು ನಿರಾಕರಿಸಿದ್ದ ಧನಿಕ ವಾಯುನೌಕಾಕಾರ ಆನ್ರಿ ಜಿಫಾರನ ಮನೆಗೆ ಕಳುಹಿಸಿ, 1880ರಲ್ಲಿ, ಮೂವತ್ತರ ಹರೆಯದಲ್ಲಿ, ಪೆನೋ ತನ್ನ ಪ್ರಾಣವನ್ನು ತಾನೇ ನೀಗಿಕೊಂಡನು. ವಿಮಾನಚರಿತ್ರೆಯನ್ನು ಬರೆಯುವವರು ಅವನಿಗೆ ನಾಲ್ಕು ಸಾಲು ಕೊಟ್ಟು ಮುಂದೆ ಹೋಗುತ್ತಾರೆ. ನನಗೆ ಹಾಗೆ ಹೋಗಲಾಗುವುದಿಲ್ಲ.

ಏಕೆಂದರೆ ಅವನು ವಿಮಾನಕ್ಕೆ ಕೊಟ್ಟ, ತಾನೇ ಸಮನಾಗುವ ಆ ಗುಣವೇ ನನ್ನ ಪಾಲಿನ ರಕ್ಷಾಕವಚ. ವಿಮಾನವು ನಮ್ಮಿಂದ ದೂರ ಸಾಗುವಾಗ ಎಡವು ಎಡವೇ, ಬಲವು ಬಲವೇ. ಅದು ತಿರುಗಿ ನಮಗೆ ಮುಖಮಾಡಿದೊಡನೆ ಅದರ ಎಡವು ನಮ್ಮ ಬಲವಾಗಿ, ಜೀವಮಾನವೆಲ್ಲ ನಂಬಿದ ದಿಕ್ಕುಗಳು ಕೈಕೊಡುತ್ತವೆ. ಆಗ ಯಾವ ರೆಕ್ಕೆ ತಗ್ಗಿದೆಯೋ ಅತ್ತಲೇ ಕೈಯಲ್ಲಿನ ನಿಯಂತ್ರಕದ ಸ್ಟಿಕ್ಕನ್ನು ಒತ್ತಬೇಕೆಂಬುದು ಸೂತ್ರ. ಬುದ್ಧಿಗೆ ಅದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ, ಹೆಬ್ಬೆರಳಿಗೆ ತಿಳಿಯುವುದಿಲ್ಲ. ನನಗೆ ಕಲಿಸುವಾತ ಕಾಲೇಜಿನ ಹುಡುಗ. ಅವನ ಉಪದೇಶವಾದರೋ ಒಂದೇ: “ಕೈ ಬಿಡಿ ಸಾರ್, ಅದಕ್ಕೇ ಹಾರೋಕೆ ಬರುತ್ತೆ.” ಬಿಟ್ಟರೆ, ಎತ್ತರವೊಂದಿದ್ದಲ್ಲಿ, ತತ್ತರಿಸುತ್ತಿದ್ದ ವಿಮಾನವು ಎರಡು ಸಲ ತೂಗಿ, ತನ್ನಷ್ಟಕ್ಕೆ ನೆಟ್ಟಗಾಗಿ, ಯಜಮಾನನ ಹಂಗಿಲ್ಲದೆ ಸಾಗುತ್ತದೆ. ಅದನ್ನು ಹಾರಿಸುವವನು ತಾನೆಂದುಕೊಂಡಿದ್ದವನು ಇದುವರೆಗೆ ಮಾಡುತ್ತಿದ್ದುದು ಅದರ ಹಾರಾಟಕ್ಕೆ ಅಡ್ಡಿಯೆಂಬುದು ಆಗ ಮನವರಿಕೆಯಾಗುತ್ತದೆ.

1878ರಲ್ಲಿ ಬಿಷಪ್ ಮಿಲ್ಟನ್ ರೈಟ್ ತನ್ನ ಮಕ್ಕಳಿಗೆ ತಂದುಕೊಟ್ಟ ರಬ್ಬರಿನ ಹಾರುವ ಆಟಿಕೆಯೂ ಪೆನೋನ ಮಾದರಿಯದೇ. ಆದರೆ ವಿಲ್ಬರ್ ಮತ್ತು ಆರ್‌ವಿಲ್ ಬೆಳೆದು ವಿಮಾನ ಕಟ್ಟಿದಾಗ, ತಾನೇ ಸಮನಾಗುವ ಗುಣವನ್ನು ಬುದ್ಧಿಪೂರ್ವಕವಾಗಿಯೇ ಬಿಟ್ಟು, ಸಮತೋಲದ ಹೊಣೆಯನ್ನೆಲ್ಲ ಚಾಲಕನ ಕೈಗೊಪ್ಪಿಸಿದರು. ಅವರು ಮಹಾನುಭಾವರು, ಅವರ ಕೈಗಳು ಅಂಥವು. ವಿಮಾನವನ್ನು ಇಡಿಯಾಗಿ ನೆಲಕ್ಕಿಳಿಸಲು ಬರುವವರೆಗೆ ನಾನಂತೂ ಪೆನೋನ ಪಕ್ಷದವನು.